ಜುಲ್ಮಾನೆ ಕಟ್ಟಿದ ದೀಪ

ಜುಲ್ಮಾನೆ ಅಂದರೆ ಏನು ಅಂತ ಮುಳಬಾಗಿಲಿನಲ್ಲಿ ಕೋದಂಡರಾಮಪ್ಪನಷ್ಟು ತಿಳಿದವರು ಇನ್ನೊಬ್ಬರಿರಲಿಲ್ಲ. ಅಮಲ್ದಾರರು ವರ್ಷಕ್ಕೆ ಹತ್ತಾರು ಜನಕ್ಕೆ ಜುಲ್ಮಾನೆ ಹಾಕಿದರೆ ಹೆಚ್ಚು. ಕೋದಂಡರಾಮಪ್ಪ ಬೆಳಗ್ಗೆ ಮುದ್ದೆ ಉಂಡು ಕೈ ತೊಳೆದು ಹೊರಟವನು ಬಿಸಿಲು ನೆತ್ತಿಗೆ ಬರುವಷ್ಟರಲ್ಲಿ ಅಷ್ಟನ್ನೂ ಹಾಕಿ ಮುಗಿಸುತ್ತಿದ್ದ. ಅವನಿಗೆ ಪುರಸಭೆಯ ದನದ ದೊಡ್ಡಿಯಲ್ಲಿ ಕೆಲಸ. ಪಕ್ಕದವರ ರಾಗಿ ಹೊಲಕ್ಕೆ ನುಗ್ಗಿದ ಹಸು, ಸಂತೆಯಲ್ಲಿ ಸೊಪ್ಪಿನ ಗುಡ್ಡೆಗೆ ಬಾಯಿ ಹಾಕಿದ ಕತ್ತೆ, ಅಮಲ್ದಾರರ ಹೂವಿನ ಕುಂಡ ಮೇಯ್ದ ಮೇಕೆ, ಎಲ್ಲ ಅಲ್ಲಿಗೇ ಬರುತ್ತಿದ್ದವು. ಅವುಗಳ ಹಿಂದೆ ಯಜಮಾನರು ಬೈದುಕೊಂಡು ಬರುತ್ತಿದ್ದರು. ಜುಲ್ಮಾನೆ ಕಟ್ಟಿ ಹೊಡೆದುಕೊಂಡು ಹೋಗುತ್ತಿದ್ದರು.

ಹಗ್ಗ ಬಿಚ್ಚಿ ಕೊಡುವಾಗ ಕೋದಂಡರಾಮಪ್ಪ, "ಇನ್ನೊಂದ್ಸಲ ಬಿಡಬೇಡಪ್ಪೋ, ಕಟ್ಟಿಹಾಕ್ಕೋ" ಅನ್ನುತ್ತಿದ್ದ. ಯಜಮಾನ, "ಆಗಲಿ ಸಾಮೀ" ಅನ್ನುತ್ತಿದ್ದ. ನಾಳೆ ಅದೇ ಹಸು, ಅದೇ ದೊಡ್ಡಿ. ಇದರಲ್ಲಿ ಯಾರಿಗೂ ಬೇಜಾರಿರಲಿಲ್ಲ. ಹೊರಟು ನಿಂತ ನೆಂಟರಿಗೆ "ಇನ್ನೆರಡು ದಿನ ಇದ್ದು ಹೋಗಿ" ಅನ್ನುವುದಿಲ್ಲವೆ, ಹಾಗೆ ಆ ಮಾತು. ಹೇಳಿದವರಿಗೂ ಗೊತ್ತು, ಕೇಳಿದವರಿಗೂ ಗೊತ್ತು. ತಪ್ಪು ಮಾಡು, ದುಡ್ಡು ಕಟ್ಟು, ಹಸು ಹೊಡೆದುಕೊಂಡು ಹೋಗು. ಇಷ್ಟು ಚೊಕ್ಕವಾದ ಏರ್ಪಾಟು ಇಡೀ ಮೈಸೂರು ಸಂಸ್ಥಾನದಲ್ಲಿ ಇನ್ನೊಂದಿಲ್ಲ ಅಂತ ಅವನ ನಂಬಿಕೆ.

ಎರಡನೇ ಮಹಾಯುದ್ಧ ಶುರುವಾಗುವುದಕ್ಕೆ ಒಂದೆರಡು ವರ್ಷ ಮುಂಚೆ ಊರಿಗೆ ಕರೆಂಟು ಬಂತು. ಹಳೇಪೇಟೆ ಬೀದಿಯಲ್ಲಿ ಕಂಬ ನೆಟ್ಟಿದ್ದು ಸರಿಯಾಗಿ ಕೋದಂಡರಾಮಪ್ಪನ ಬಾಗಿಲ ಮುಂದೆ. ಸರ್ಕಾರವೇ ಬಾಗಿಲಿಗೆ ಬಂದು ನಿಂತಿರುವಾಗ ಒಳಗೆ ಬಾ ಅನ್ನದಿರುವುದು ಮರ್ಯಾದೆಯಲ್ಲ ಅಂತ ಅವನು ದುಡ್ಡು ಹೊಂದಿಸಿ ಒಂದು ದೀಪ ಹಾಕಿಸಿಕೊಂಡ. ಪಡಸಾಲೆಯ ನಡುವೆ ಒಂದು ಗಾಜಿನ ಬುರುಡೆ. ಆ ಬೀದಿಗೆ ಅದೇ ಮೊದಲು.

ಮೊದಲ ದಿನ ಸಂಜೆ ಅವನ ಹೆಂಡತಿ ಕದಿರಮ್ಮ ಸ್ವಿಚ್ಚಿಗೆ ಅರಿಶಿನ ಕುಂಕುಮ ಇಟ್ಟಳು. ದೀಪ ಹತ್ತಿತು. ಬೀದಿಯ ಜನವೆಲ್ಲ ಕೈ ಮುಗಿದರು. ಕೋದಂಡರಾಮಪ್ಪ ತಲೆಗೆ ರುಮಾಲು ಸುತ್ತಿಕೊಂಡು, ಆ ದೀಪವನ್ನು ತಾನೇ ಹೆತ್ತವನ ಹಾಗೆ ಅದರ ಕೆಳಗೆ ಕೂತಿದ್ದ.

"ಎಣ್ಣೆ ಎಲ್ಲಿಂದ ಬರತ್ತಪ್ಪಾ ಇದಕ್ಕೆ?" ಅಂತ ಎದುರು ಮನೆಯ ಗುಂಡಮ್ಮ ಕೇಳಿದರು. ಅವರು ಶಾನುಭೋಗರ ಹೆಂಡತಿ, ಬೀದಿಯಲ್ಲಿ ಏನು ನಡೆದರೂ ಮೊದಲು ಅವರಿಗೆ ವಿವರ ಬೇಕು.

"ಎಣ್ಣೆ ಇಲ್ಲ ಅಮ್ಮಾವ್ರೇ. ಶಿವನಸಮುದ್ರದ ನೀರು."

"ನೀರು ಉರಿಯತ್ತೇನೋ?"

"ಸರ್ಕಾರ ಹೇಳಿದ್ರೆ ಉರಿಯತ್ತೆ."

ಗುಂಡಮ್ಮ ದೀಪಕ್ಕೆ ಇನ್ನೊಂದು ಸಲ ಕೈ ಮುಗಿದರು.

ಒಬ್ಬರು ಮಾತ್ರ ಕೈ ಮುಗಿಯಲಿಲ್ಲ. ಅವನ ಅಕ್ಕ ಮುನಿಶಾಮಮ್ಮ. ಗಂಡ ಹೋದ ಮೇಲೆ ತಮ್ಮನ ಪಕ್ಕದ ಮನೆಯಲ್ಲೇ ಇದ್ದುಕೊಂಡು ರೇಷ್ಮೆ ಹುಳ ಸಾಕಿ ಬದುಕುತ್ತಿದ್ದಳು. ಎರಡು ಮನೆಗೂ ನಡುವೆ ಒಂದೇ ಗೋಡೆ. ಅವಳು ಸೊಂಟದ ಮೇಲೆ ಕೈಯಿಟ್ಟು ಬುರುಡೆಯನ್ನು ನೋಡಿದಳು, ಮೂಗೆಳೆದು ವಾಸನೆ ನೋಡಿದಳು.

"ಲೇ ಕೋದಂಡಾ, ಇದಕ್ಕೆ ಹೊಗೆ ಇಲ್ವಲ್ಲೋ!"

"ಇಲ್ಲ ಅಕ್ಕಾ."

"ಹಂಗಾದ್ರೆ ನಂಗೊಂದು ಕೊಡು."

ಮುನಿಶಾಮಮ್ಮನ ಕಷ್ಟ ಸುಳ್ಳಲ್ಲ. ರೇಷ್ಮೆ ಹುಳಕ್ಕೆ ಹಗಲು ರಾತ್ರಿ ಅನ್ನದೆ ಸೊಪ್ಪು ಹಾಕಬೇಕು. ಕತ್ತಲಾದ ಮೇಲೆ ಸೀಮೆಎಣ್ಣೆ ಬುಡ್ಡಿ ಹಿಡಿದು ಹಾಕಬೇಕು. ಬುಡ್ಡಿಯ ಹೊಗೆ ಹುಳಕ್ಕೆ ಆಗುವುದಿಲ್ಲ. ಹೋದ ಬೆಳೆಯಲ್ಲಿ ಅರ್ಧಕ್ಕರ್ಧ ಹುಳ ಕಪ್ಪಿಟ್ಟು ತಟ್ಟೆಯಲ್ಲೇ ಸತ್ತಿದ್ದವು. ಈ ಬೆಳೆಯೂ ಹೋದರೆ ಅವಳು ಮುದ್ದೆಗೆ ತಮ್ಮನ ಮನೆ ಬಾಗಿಲಿಗೆ ಬರಬೇಕು. ಅವಳು ಬರುವವಳಲ್ಲ. ಕೋದಂಡರಾಮಪ್ಪನನ್ನು ಅಂಬೆಗಾಲಿಡುವಾಗಿನಿಂದ ಸೊಂಟದ ಮೇಲೆ ಹೊತ್ತು ಸಾಕಿದವಳು, ಅವನ ಮುಂದೆ ತಟ್ಟೆ ಚಾಚುವುದಕ್ಕಿಂತ ಉಪವಾಸ ಕೂರುತ್ತಾಳೆ.

"ಕರೆಂಟು ಹಂಗೆಲ್ಲಾ ಕೊಡಕ್ಕಾಗಲ್ಲ ಅಕ್ಕಾ. ಅರ್ಜಿ ಹಾಕ್ಬೇಕು, ಕೋಲಾರದಿಂದ ಬರ್ಬೇಕು."

"ಏನ್ಲಾ ಅರ್ಜಿ? ಬೆಳಗ್ಗೆ ಎದ್ದು ನಿನ್ ಹೆಂಡ್ತಿ ನಮ್ಮನೆ ಒಲೇಲಿ ಕೆಂಡ ಈಸ್ಕೊಂಡು ಹೋಗ್ತಾಳಲ್ಲಾ, ಅರ್ಜಿ ತಗೊಂಡು ಬರ್ತಾಳಾ? ಕೆಂಡ ಕೊಟ್ರೆ ನನ್ ಒಲೆ ಆರೋಯ್ತಾ? ನಿನ್ ದೀಪದಲ್ಲಿ ಒಂಚೂರು ಕೊಟ್ರೆ ಸವೆದುಹೋಗತ್ತಾ?"

ಕೋದಂಡರಾಮಪ್ಪ ಹೆಂಡತಿಯ ಮುಖ ನೋಡಿದ.

"ವದಿನಾ ಹೇಳೋದು ನಿಜಾನೇ" ಅಂದಳು ಕದಿರಮ್ಮ. ಗಂಡನ ಅಕ್ಕನನ್ನು ಅವಳು ವದಿನಾ ಅಂತಲೇ ಕರೆಯುವುದು. ಆ ಕಡೆ ತೆಲುಗು ಹಾಗೇ ಬಾಯಿಗೆ ಬರುತ್ತದೆ. "ಬೆಂಕಿ ಇಲ್ಲ ಅಂತ ಅಂದ ಮನೆ ಉದ್ಧಾರ ಆಗಲ್ಲ."

ಮಾರನೆಯ ದಿನ ಆಂಜಿನಪ್ಪನನ್ನು ಕರೆಸಿದರು. ಅವನದು ಬಸ್ ಸ್ಟ್ಯಾಂಡ್ ಹತ್ತಿರ ಸೈಕಲ್ ಅಂಗಡಿ. ಕಣ್ಣಿಗೆ ಕಾಣದ ಗಾಳಿಯನ್ನು ಟ್ಯೂಬಿನಲ್ಲಿ ತುಂಬುವವನಿಗೆ ಕಣ್ಣಿಗೆ ಕಾಣದ ಕರೆಂಟು ಯಾವ ಲೆಕ್ಕ ಅಂತ ಕೋದಂಡರಾಮಪ್ಪನ ವಾದ. ಆಂಜಿನಪ್ಪನಿಗೂ ಅದು ಸರಿ ಅನ್ನಿಸಿತು. ಎಲ್ಲಿಂದಲೋ ವೈರು ತಂದ, ಪಡಸಾಲೆಯ ವೈರಿಗೆ ಗಂಟು ಹಾಕಿದ, ನಡುಗೋಡೆಯ ಗವಾಕ್ಷಿಯಲ್ಲಿ ತೂರಿಸಿ ಹುಳದ ಕೋಣೆಗೆ ಬಿಟ್ಟ. ಬರೀ ತಾಮ್ರ ಕಾಣುತ್ತಿದ್ದ ಗಂಟುಗಳಿಗೆ ಕದಿರಮ್ಮನ ಹಳೇ ಸೀರೆಯ ಅಂಚು ಹರಿದು ಸುತ್ತಿದ. ಈ ಕೆಲಸದಲ್ಲಿ ಎರಡು ಸಲ ಏಣಿಯಿಂದ ಹಾರಿ ಬಿದ್ದ.

"ಏನಾಯ್ತೋ?"

"ಏನಿಲ್ಲ ಕೋದಂಡಣ್ಣ, ಕರೆಂಟು ಮಾತಾಡಿಸ್ತು."

ಸಂಜೆ ಹುಳದ ಕೋಣೆಯಲ್ಲಿ ದೀಪ ಹತ್ತಿತು. ಮುನಿಶಾಮಮ್ಮ ಆಗ ಕೈ ಮುಗಿದಳು, ದೀಪಕ್ಕಲ್ಲ, ತಮ್ಮನಿಗೆ. ಕೋದಂಡರಾಮಪ್ಪ ಗಾಬರಿಯಾಗಿ ಹೊರಗೆ ಓಡಿಹೋದ.

ಕೆಲವು ದಿನ ಕಳೆದ ಮೇಲೆ ಕೋಲಾರದ ಬಸ್ಸಿನಲ್ಲಿ ಕರೆಂಟಿನ ಇನ್ಸ್‌ಪೆಕ್ಟರು ಬಂದರು. ರಾಘವೇಂದ್ರರಾಯರು ಅಂತ, ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗು ವಯಸ್ಸಿನವರು. ತಲೆಗೆ ದೊಡ್ಡ ಟೋಪಿ, ಜೇಬಿನಲ್ಲಿ ರಬ್ಬರ್ ಹಿಡಿಯ ಇಕ್ಕಳ. ಮನೆಮನೆ ನೋಡಿಕೊಂಡು ಬಂದವರು ಪಡಸಾಲೆಯಲ್ಲಿ ತಲೆಯೆತ್ತಿ ನಿಂತುಬಿಟ್ಟರು.

"ಈ ವೈರು ಎಲ್ಲಿಗೆ ಹೋಗತ್ತೆ?"

"ನಮ್ಮಕ್ಕನ ಮನೆಗೆ ಸ್ವಾಮಿ."

"ಎಳೆದಿದ್ದು ಯಾರು?"

"ಆಂಜಿನಪ್ಪ. ಒಳ್ಳೇ ಕೆಲಸಗಾರ. ಅವನು ಹಾಕಿದ ಪಂಚರು ಮಳೆಗಾಲ ದಾಟತ್ತೆ."

"ಇದು ಅಪರಾಧ. ಜುಲ್ಮಾನೆ ಹಾಕ್ತೀನಿ. ಒಂದು ರೂಪಾಯಿ."

ರಾಯರು ಜುಲ್ಮಾನೆ ಅಂದಾಗ ಅಳುವವರನ್ನು ನೋಡಿದ್ದರು, ಜಗಳಕ್ಕೆ ಬರುವವರನ್ನು ನೋಡಿದ್ದರು, ಹಿತ್ತಲಿನಿಂದ ಓಡಿಹೋಗುವವರನ್ನೂ ನೋಡಿದ್ದರು. ಮುಖ ಅರಳಿಸಿಕೊಂಡು ಮಣೆ ತಂದು ಹಾಕಿದವನನ್ನು ಇದೇ ಮೊದಲು ನೋಡಿದ್ದು.

"ಕೂತ್ಕೊಂಡು ಹಾಕಿ ಸ್ವಾಮಿ. ನಿಂತು ನಿಂತು ಜುಲ್ಮಾನೆ ಹಾಕಿದ್ರೆ ಸೊಂಟ ಹಿಡಿಯತ್ತೆ. ನನಗೆ ಗೊತ್ತು. ಲೇ ಇವಳೇ, ಮಜ್ಜಿಗೆ ತಗೊಂಡ್ಬಾ. ತಾವು ಎಷ್ಟು ವರ್ಷದಿಂದ ಜುಲ್ಮಾನೆ ಹಾಕ್ತಿದೀರಿ?"

"ಹೋದ ವರ್ಷದಿಂದ."

"ನಾನು ಇಪ್ಪತ್ತು ವರ್ಷದಿಂದ."

ರಾಯರು ತಮಗೇ ತಿಳಿಯದೆ ಮಣೆಯಿಂದ ಅರ್ಧ ಎದ್ದರು. ಆಮೇಲೆ ನೆನಪಾಗಿ ಕೂತರು, ರಸೀದಿ ಬರೆದರು, "ವೈರು ಇವತ್ತೇ ತೆಗೆಸಿಬಿಡಬೇಕು, ತಿಳೀತಾ?" ಅಂತ ಗದರಿಸಿದರು.

"ಆಗಲಿ ಸ್ವಾಮಿ" ಅಂದ ಕೋದಂಡರಾಮಪ್ಪ. ದೊಡ್ಡಿಯ ಬಾಗಿಲಲ್ಲಿ ಹಸುವಿನ ಯಜಮಾನರು ಅವನಿಗೆ ಹೇಳುತ್ತಿದ್ದರಲ್ಲ, ಅದೇ ರಾಗದಲ್ಲಿ.

ಬಸ್ಸು ಹೋದ ಮೇಲೆ ಕದಿರಮ್ಮ ಕೇಳಿದಳು: "ತೆಗೀಬೇಕಂತಲ್ಲಾ?"

"ಅದು ಹೇಳೋ ಮಾತು ಕಣೇ. ನಾನೂ ದಿನಾ ಹೇಳ್ತೀನಿ. ಹೇಳ್ದೇ ಇದ್ರೆ ಸರ್ಕಾರಕ್ಕೆ ಗೌರವ ಇರಲ್ಲ. ಜುಲ್ಮಾನೆ ಕಟ್ಟಾಯ್ತಲ್ಲ, ಇನ್ನು ಆ ವೈರು ನಮ್ಮದು. ಯಾರೂ ಕೇಳೋ ಹಂಗಿಲ್ಲ."

ಸುದ್ದಿ ಬೀದಿಯಲ್ಲಿ ಹಬ್ಬಿತು. ಮೊದಲು ಬಂದವನು ಬೆಲ್ಲದ ಮಂಡಿಯ ಗಂಗುಲಪ್ಪ. ಅವನು ಹುಟ್ಟಿದ್ದು ರಾಯಲ್ಪಾಡಿನ ಕಡೆ, ಅರ್ಧ ಮಾತು ತೆಲುಗು.

"ಏಮಪ್ಪಾ ಕೋದಂಡಣ್ಣ, ಒಂದು ರೂಪಾಯಿ ಬಿಸಾಕಿದ್ರೆ ಕರೆಂಟು ಖಾಯಂ ಅಂತೆ?"

"ಜುಲ್ಮಾನೆ ಕಟ್ಟಿದ ಮೇಲೆ ಖಾಯಮ್ಮೇ."

"ಹಂಗಾದ್ರೆ ನಾನೂ ಕಟ್ಟಿಬಿಡ್ತೀನಿ. ಯಾವ ಆಫೀಸಲ್ಲಿ ಕಟ್ಬೇಕು?"

ಕೋದಂಡರಾಮಪ್ಪ ಮಗುವಿಗೆ ಪಾಠ ಹೇಳುವವನ ಹಾಗೆ ನಕ್ಕ. "ಮೊದಲೇ ಕಟ್ಟಕ್ಕೆ ಬರಲ್ಲಪ್ಪಾ. ಮೊದಲು ಮೇಯಬೇಕು. ಮೇಯದೇ ಇರೋ ಹಸೂಗೆ ನಾನು ಜುಲ್ಮಾನೆ ಹಾಕಕ್ಕಾಗತ್ತಾ? ನೀನು ವೈರು ಎಳಕೋ. ಇನ್ಸ್‌ಪೆಕ್ಟರು ಬರ್ತಾರೆ, ನೋಡ್ತಾರೆ, ಹಾಕ್ತಾರೆ. ಎಲ್ಲಾ ಕ್ರಮವಾಗಿ ಆಗ್ಬೇಕು."

ಗುಂಡಮ್ಮನವರು ಇದನ್ನು ಕೇಳಿ ಹಣೆ ಚಚ್ಚಿಕೊಂಡರು. "ನಮ್ಮನೆಯವರು ಕಾನೂನು ಗೊತ್ತು ಕಾನೂನು ಗೊತ್ತು ಅಂತ ಅರ್ಜಿ ಹಾಕಿ ಕಾದು ಕೂತಿದಾರೆ. ದೊಡ್ಡಿ ಕೋದಂಡರಾಮಪ್ಪನಿಗೆ ಇರೋ ಬುದ್ಧಿ ಶಾನುಭೋಗರಿಗೆ ಇಲ್ವಲ್ಲ!"

ಆಂಜಿನಪ್ಪ ಸೈಕಲ್ ಅಂಗಡಿಗೆ ಬೀಗ ಹಾಕಿದ. ಅಕ್ಕನ ಮನೆಯಿಂದ ಗಂಗುಲಪ್ಪನ ಮನೆಗೆ, ಗಂಗುಲಪ್ಪನ ಮನೆಯಿಂದ ಅದರಾಚೆಯ ಮನೆಗೆ, ಹೀಗೆ ಗವಾಕ್ಷಿಯಿಂದ ಗವಾಕ್ಷಿಗೆ ವೈರು ಹೋಯಿತು. ಗುಂಡಮ್ಮನವರ ಮನೆಗೆ ಬೀದಿಗೆ ಅಡ್ಡಲಾಗಿ ಹೋಯಿತು. ಹುಲ್ಲಿನ ಗಾಡಿ ಬಂದಾಗ ಯಾರಾದರೂ ಒಬ್ಬರು ಬಿದಿರು ಕೋಲಿನಿಂದ ವೈರು ಎತ್ತಿ ಹಿಡಿಯುವರು, ಗಾಡಿಯವನು ತಲೆ ಬಗ್ಗಿಸಿ ನಮಸ್ಕಾರ ಮಾಡಿ ಹೋಗುವನು. ದೀಪ ಹೆಚ್ಚಾದ ಹಾಗೆ ಬೆಳಕು ಕಮ್ಮಿಯಾಯಿತು. ಕೋದಂಡರಾಮಪ್ಪನ ಪಡಸಾಲೆಯ ಬುರುಡೆ ಬೆಂದ ಈರುಳ್ಳಿಯ ಬಣ್ಣಕ್ಕೆ ಬಂತು. ಅವನಿಗೆ ಅದರಿಂದ ಬೇಜಾರಿಲ್ಲ. ಕತ್ತಲಾಗುವ ಹೊತ್ತಿಗೆ ಜಗಲಿಯ ಮೇಲೆ ಕೂತು, "ನೋಡೇ, ನಮ್ಮನೆ ದೀಪ ಎಲ್ಲೆಲ್ಲಿ ಉರೀತಿದೆ" ಅಂತ ಹೆಂಡತಿಗೆ ತೋರಿಸುತ್ತಿದ್ದ.

ಗುಂಡಮ್ಮನವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಅವರಿಗೆ ಮಡಿ ಬಟ್ಟೆ ಒಣಹಾಕುವುದೇ ದೊಡ್ಡ ಚಿಂತೆ. ಯಾರಾದರೂ ಮುಟ್ಟಿಬಿಟ್ಟರೆ ಮತ್ತೆ ನೆನೆಸಬೇಕು. ಬೀದಿಯ ಮೇಲಿನ ಆ ವೈರನ್ನು ನೋಡಿ ಅವರ ಕಣ್ಣು ಮಿಂಚಿತು. ಸತ್ತರೂ ಅದನ್ನು ಯಾರೂ ಮುಟ್ಟುವುದಿಲ್ಲ. ಇಷ್ಟು ಮಡಿಯಾದ ಜಾಗ ಊರಲ್ಲೇ ಇನ್ನೊಂದಿಲ್ಲ. ಮಡಿಕೋಲಿನಲ್ಲಿ ಒದ್ದೆ ಸೀರೆ ಎತ್ತಿ ಅದರ ಮೇಲೆ ಹರವಿದರು.

ಮತ್ತೆ ಇನ್ಸ್‌ಪೆಕ್ಟರು ಬರುವ ದಿನ ಬೀದಿಗೆ ಬೀದಿಯೇ ಸಿದ್ಧವಾಗಿತ್ತು. ಬಾಗಿಲಿಗೆ ನೀರು ಹಾಕಿದ್ದರು, ರಂಗೋಲಿ ಬಿಟ್ಟಿದ್ದರು. ಗಂಗುಲಪ್ಪ ಒಗೆದ ರುಮಾಲು ಸುತ್ತಿ, ಕೈಯಲ್ಲಿ ಒಂದು ಅಚ್ಚು ಬೆಲ್ಲ ಹಿಡಿದು ನಿಂತಿದ್ದ. ರಾಯರು ಬೀದಿಯ ತಿರುವಿನಲ್ಲಿ ಬಂದವರು ತಲೆಯ ಮೇಲೆ ಹಾರಾಡುತ್ತಿದ್ದ ಸೀರೆಯನ್ನು ನೋಡಿದರು. ಟೋಪಿ ತೆಗೆದರು. ಮತ್ತೆ ನೋಡಿದರು.

"ಇದು ಯಾರ ಸೀರೆ?"

"ನಂದು" ಅಂದರು ಗುಂಡಮ್ಮ ಜಗಲಿಯಿಂದ. "ಮುಟ್ಟೀಯಪ್ಪಾ, ಮಡೀದು."

"ಮುಟ್ಟೋದಾ! ಕರೆಂಟಿನ ವೈರು ತಾಯೀ ಅದು!"

"ಹೌದು. ಅದಕ್ಕೇ ಹಾಕಿದೀನಿ. ಮೊದಲು ನಮ್ಮನೆ ಜುಲ್ಮಾನೆ ಬರ್ಕೊಂಬಿಡು. ಗಂಗುಲಪ್ಪ ಮುಂಜಾನೆಯಿಂದ ನಾನು ಮೊದಲು ನಾನು ಮೊದಲು ಅಂತ ಕೂತಿದಾನೆ."

"ಸಾಮೀ, ವೈರು ಮೊದ್ಲು ಎಳೆದಿದ್ದು ನಾನು" ಅಂತ ಗಂಗುಲಪ್ಪ ಬೆಲ್ಲ ಮುಂದೆ ಮಾಡಿದ. "ನಂದು ಮೊದ್ಲು ಹಾಕಿ. ಮುಂದಿನ ವರ್ಷದ್ದೂ ಈಗ್ಲೇ ಸೇರಿಸಿ ಹಾಕ್ಬಿಟ್ರೆ ತಮಗೂ ಓಡಾಟ ತಪ್ಪತ್ತೆ."

ರಾಯರು ಒಂದು ಬಾಗಿಲಿನಿಂದ ಇನ್ನೊಂದು ಬಾಗಿಲಿಗೆ ನೋಡಿದರು. ಎಲ್ಲ ಬಾಗಿಲಲ್ಲೂ ಜನ, ಎಲ್ಲರ ಅಂಗೈಯಲ್ಲೂ ಒಂದೊಂದು ರೂಪಾಯಿ.

"ಜುಲ್ಮಾನೆ ಅಂದ್ರೆ ಶಿಕ್ಷೆ ಕಣ್ರಯ್ಯಾ! ಶಿಕ್ಷೆ!"

"ಅದೇ ಸಾಮೀ, ಶಿಕ್ಷೆ ಕೊಡಿ ಅಂತಾನೇ ಕಾಯ್ತಿರೋದು."

"ಐದು ರೂಪಾಯಿ ಹಾಕ್ತೀನಿ!"

ಜನ ಗುಜುಗುಜು ಮಾತಾಡಿಕೊಂಡರು. ಕೋದಂಡರಾಮಪ್ಪ ಮುಂದೆ ಬಂದು, ದೊಡ್ಡಸ್ತಿಕೆಯಿಂದ, "ಹೆಚ್ಚಿನ ಜುಲ್ಮಾನೆ ಅಂದ್ರೆ ಹೆಚ್ಚಿನ ಭದ್ರತೆ. ಒಪ್ಕೊಳ್ಳಿ" ಅಂದ. ಜನ ಸೆರಗಿನ ಗಂಟು, ಸೊಂಟದ ಗಂಟು ಬಿಚ್ಚತೊಡಗಿದರು.

ರಾಯರು ಇಕ್ಕಳ ತೆಗೆದು, "ಆ ಮೊದಲ ವೈರು ಹೋದ ಮನೆ ಯಾವುದು? ಅಲ್ಲೇ ಕತ್ತರಿಸ್ತೀನಿ" ಅಂತ ಮುನಿಶಾಮಮ್ಮನ ಮನೆಗೆ ನುಗ್ಗಿದರು. ಹಿಂದೆ ಕೋದಂಡರಾಮಪ್ಪ, ಅವನ ಹಿಂದೆ ಬೀದಿಯ ಜನ.

ಹುಳದ ಕೋಣೆಯ ಬಾಗಿಲಲ್ಲಿ ಮುನಿಶಾಮಮ್ಮ ಅಡ್ಡ ನಿಂತಳು. "ಕಾಲು ತೊಳ್ಕೊಂಡು ಬಾಪ್ಪಾ. ನಾಲ್ಕನೇ ಜ್ವರದಿಂದ ಎದ್ದಿರೋ ಹುಳ." ಹುಳ ಪೊರೆ ಬಿಡುವುದಕ್ಕೆ ಆ ಕಡೆ ಜ್ವರ ಅನ್ನುತ್ತಾರೆ. ನಾಲ್ಕನೆಯದು ಕಳೆದ ಮೇಲೆ ಹುಳಕ್ಕೆ ಎಲ್ಲಿಲ್ಲದ ಹಸಿವು. ಇನ್ನು ಕೆಲವೇ ದಿನ ಬಿಡದೆ ಸೊಪ್ಪು ತಿಂದು ಗೂಡು ಕಟ್ಟುತ್ತದೆ. ಆ ದಿನಗಳಲ್ಲಿ ಹೊಗೆ ತಾಕಿದರೆ ಅಷ್ಟೂ ಹೋಯಿತು.

ರಾಯರು ಕಾಲು ತೊಳೆದು ಒಳಗೆ ಬಂದರು. ಸೂರಿನವರೆಗೂ ಬಿದಿರಿನ ತಟ್ಟೆಗಳು. ಅವುಗಳಲ್ಲಿ ಹುಳಗಳು ಸೊಪ್ಪು ತಿನ್ನುವ ಸದ್ದು, ಸಣ್ಣಗೆ ತುಂತುರು ಹನಿದ ಹಾಗೆ. ಕೋಣೆ ತಂಪಾಗಿರಲಿ ಅಂತ ಸುತ್ತಲೂ ಒದ್ದೆ ಗೋಣಿ ತೂಗುಹಾಕಿತ್ತು. ಆ ಒದ್ದೆ ಗೋಣಿಗೆ ಗೇಣು ದೂರದಲ್ಲಿ, ಸೀರೆಯ ಅಂಚು ಕಳಚಿಕೊಂಡು, ಬರೀ ತಾಮ್ರ ಹೊಳೆಯುವ ವೈರಿನ ಗಂಟು.

"ಅಮ್ಮಾ," ಅಂದರು ರಾಯರು ಮೆಲ್ಲಗೆ, "ಇದು ಯಾವತ್ತಾದ್ರೂ ಕೈಗೆ ತಾಕಿದೆಯಾ?"

"ತಾಕದೇ ಏನು? ದಿನಾ ಬೆಳಗ್ಗೆ ನಾನೇ ಬೆರಳ ತುದಿ ಮುಟ್ಟಿಸ್ತೀನಿ. ಜುಂ ಅನ್ನತ್ತೆ. ಮಂಡಿನೋವಿಗೆ ಬಾಳ ಒಳ್ಳೇದು. ಬೀದಿಯೋರೆಲ್ಲಾ ಬರ್ತಾರೆ. ಹೋದ ವಾರ ಸೊಂಟ ಹಿಡ್ಕೊಂಡವಳೊಬ್ಳು ದೇವರಾಯಸಮುದ್ರದಿಂದ ಬಂದಿದ್ಳು. ಹೋಗುವಾಗ ಹಾರ್ಕೊಂಡು ಹೋದ್ಳು."

ರಾಯರು ಅಲ್ಲೇ ಹೊಸಿಲ ಮೇಲೆ ಕೂತರು. ಕೂತಲ್ಲಿಂದಲೇ ಜನವನ್ನು ನೋಡಿದರು. ಗಂಗುಲಪ್ಪ ಮತ್ತೆ ರೂಪಾಯಿ ಮುಂದೆ ಮಾಡಿದ. ಅಷ್ಟಕ್ಕೆ ರಾಯರಿಗೆ ತಡೆಯಲಾಗಲಿಲ್ಲ.

"ಬೇಡ! ನಿಮ್ಮ ಜುಲ್ಮಾನೆ ನನಗೆ ಬೇಡ! ಒಬ್ಬರದೂ ತಗೊಳ್ಳಲ್ಲ, ಒಂದು ಕಾಸೂ ತಗೊಳ್ಳಲ್ಲ. ಏನಾದ್ರೂ ಮಾಡ್ಕೊಳ್ಳಿ!"

ಅವರು ಅಂದದ್ದು ಸಿಟ್ಟಿಗೆ, ಸಂಕಟಕ್ಕೆ. ಆದರೆ ರಾಯರಿಗೆಂದು ಕೋದಂಡರಾಮಪ್ಪ ಹಿಡಿದು ತಂದಿದ್ದ ಮಜ್ಜಿಗೆಯ ಲೋಟ ಕೆಳಗೆ ಬಿತ್ತು.

"ಏನೂಂದ್ರೆ, ಏನಾಯ್ತು?" ಅಂದಳು ಕದಿರಮ್ಮ.

"ಜುಲ್ಮಾನೆ ಬೇಡ ಅಂದ್ರು ಕಣೇ."

"ಬೇಡ ಅಂದ್ರೆ ಒಳ್ಳೇದಲ್ವಾ?"

"ನಿಂಗೇನು ಗೊತ್ತು? ನನ್ ನೌಕರೀಲಿ ನಾನು ಜುಲ್ಮಾನೆ ಬೇಡ ಅಂದಿದ್ದು ಒಂದೇ ಒಂದು ಸಲ. ಹಾಯೋ ಹೋರಿ ಬಂದಿತ್ತಲ್ಲಾ, ಮಾಲೂರಿನ ಕಡೆಯೋನ್ದು, ಸಂತೇಲಿ ಒಬ್ಬನ ಹೊಟ್ಟೆ ಬಗೆದಿತ್ತು. ಯಜಮಾನ ಹತ್ತು ರೂಪಾಯಿ ಹಿಡ್ಕೊಂಡು ಬಂದ. ನಾನು ಮುಟ್ಟಲಿಲ್ಲ. ಮೂಗುದಾರ ಹಾಕಿ, ಕೊಂಬು ಕುಯ್ಸಿ ತೋರಿಸೋವರೆಗೂ ದುಡ್ಡು ಬೇಡ, ಹೋರಿ ಬಿಡಲ್ಲ ಅಂದೆ. ಅಂಥಾದ್ದಕ್ಕೆ ಮಾತ್ರ ಜುಲ್ಮಾನೆ ಬೇಡ ಅನ್ನೋದು."

ಅವನು ತಲೆಯೆತ್ತಿ ಆ ತಾಮ್ರದ ಗಂಟನ್ನು ನೋಡಿದ. ಇಷ್ಟು ದಿನ ಅದು ಪಾಪದ ಹಸುವಿನ ಹಾಗೆ ಕಾಣುತ್ತಿತ್ತು. ಈಗ ಅದಕ್ಕೆ ಕೊಂಬು ಕಂಡಿತು. ಅದರ ಕೆಳಗೆ ಅಕ್ಕ ಒದ್ದೆ ಕೈಯಲ್ಲಿ ಸೊಪ್ಪು ಹಾಕುತ್ತಿದ್ದಳು.

"ಅಕ್ಕಾ! ಈಚೆ ಬಾ!" ಅಂತ ಕಿರುಚಿ ಅವಳ ರಟ್ಟೆ ಹಿಡಿದು ಎಳೆದ. ಆಮೇಲೆ ಬೀದಿಗೆ ಓಡಿ, "ಜುಲ್ಮಾನೆ ಬೇಡ ಅಂದ್ರು! ನಮ್ಮ ವೈರು ಹಾಯೋ ವೈರಂತೆ!" ಅಂತ ಕೂಗಿದ.

ಬೀದಿಯಲ್ಲಿ ಗುಲ್ಲೆದ್ದಿತು. ದೊಡ್ಡಿಯವನೇ ಹೆದರಿದ ಮೇಲೆ ಇನ್ನಾರಿಗೆ ಧೈರ್ಯ? ಒಬ್ಬರು ಕುಡುಗೋಲು ತಂದರು, ಒಬ್ಬರು ಒನಕೆ ತಂದರು. ಗುಂಡಮ್ಮನವರು ಮಡಿಕೋಲು ಹಿಡಿದು ಸೀರೆ ಇಳಿಸಲು ಹೊರಟರು. ರಾಯರು ಎದ್ದು, "ಅಯ್ಯೋ, ಯಾರೂ ಮುಟ್ಟಬೇಡಿ! ಮೊದಲು ಕರೆಂಟು ಆರಿಸ್ತೀನಿ, ತಡೀರಿ!" ಅಂತ ಪಡಸಾಲೆಗೆ ಓಡಿದರು. ಕರೆಂಟು ಆರಿಸಿ ಬಂದು ತಮ್ಮ ಇಕ್ಕಳದಲ್ಲಿ ಒಂದೊಂದೇ ವೈರು ಕತ್ತರಿಸಿ ಸುರುಳಿ ಸುತ್ತಿದರು. ಒಂದು ರೂಪಾಯಿಗೆ ಹೋಗದ ವೈರು, ಐದು ರೂಪಾಯಿಗೂ ಹೋಗದ ವೈರು, ಒಂದು ಕಾಸೂ ಇಲ್ಲದೆ ಯಾಕೆ ಹೋಯಿತು ಅಂತ ಅವರಿಗೆ ಅರ್ಥವಾಗಲಿಲ್ಲ. ಕೇಳುವುದಕ್ಕೆ ಧೈರ್ಯವೂ ಬರಲಿಲ್ಲ.

ಎಲ್ಲ ಮುಗಿಯುವಷ್ಟರಲ್ಲಿ ಹೊತ್ತು ಮುಳುಗುತ್ತಾ ಬಂದಿತ್ತು. ಕೋಲಾರದ ಬಸ್ಸು ಹೋಗಿತ್ತು. ರಾಯರ ರಾತ್ರಿ ಊಟ ತಮ್ಮ ಮನೆಯಲ್ಲಿ ಅಂತ ಗುಂಡಮ್ಮನವರು ಆಗಲೇ ಹೇಳಿಯಾಗಿತ್ತು. ಮುನಿಶಾಮಮ್ಮ ಹುಳದ ಕೋಣೆಯ ಬಾಗಿಲಲ್ಲಿ ಕೂತಿದ್ದಳು. ಕೈಯಲ್ಲಿ ಸೀಮೆಎಣ್ಣೆ ಬುಡ್ಡಿ, ಹಚ್ಚಿರಲಿಲ್ಲ. ಬೈಯಲೂ ಇಲ್ಲ. ಅವಳು ಬೈದಿದ್ದರೆ ಕೋದಂಡರಾಮಪ್ಪ ಸುಖವಾಗಿರುತ್ತಿದ್ದ.

"ಹೋಗ್ಲಿ ಬಿಡೋ," ಅಂದಳು. "ಕತ್ತಲೇಲಿ ತಡವರಿಸಿ ಹಾಕ್ತೀನಿ. ಬದುಕಿದ್ದು ಬದುಕ್ಲಿ."

ಕೋದಂಡರಾಮಪ್ಪ ಅವಳ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತ. ಒಳಗೆ ಹುಳಗಳ ಸದ್ದು ಕಮ್ಮಿಯಾಗುತ್ತಿತ್ತು, ಸೊಪ್ಪು ಮುಗಿದಿತ್ತು. ಅವನು ತಲೆ ಕೆರೆದುಕೊಂಡ, ರುಮಾಲು ಬಿಚ್ಚಿದ, ಮತ್ತೆ ಕೆರೆದುಕೊಂಡ. ಆಲೋಚನೆ ಮಾಡುವುದು ಅವನಿಗೆ ಅಭ್ಯಾಸವಿಲ್ಲದ ಕೆಲಸ, ಎಲ್ಲರೂ ಕಾದರು.

"ಅಕ್ಕಾ," ಅಂದ ಕೊನೆಗೆ, "ದನ ದೊಡ್ಡಿಗೆ ಬರತ್ತೆ. ದೊಡ್ಡಿ ಯಾವತ್ತಾದ್ರೂ ದನದ ಹತ್ರ ಹೋಗಿದ್ದುಂಟಾ?"

"ಏನೋ ಹಂಗಂದ್ರೆ?"

"ದೀಪ ಹುಳದ ಹತ್ರ ಬರ್ಬಾರ್ದು ಅಂದ್ರಲ್ಲಾ. ಹುಳ ದೀಪದ ಹತ್ರ ಬಂದ್ರೆ ಯಾರೇನು ಮಾಡ್ತಾರೆ?"

ಕದಿರಮ್ಮ ಗಂಡನ ಮುಖವನ್ನು ಒಂದು ಗಳಿಗೆ ನೋಡಿದಳು. ಮದುವೆಯಾದಾಗಿನಿಂದ ಅವನನ್ನು ಹಾಗೆ ನೋಡಿರಲಿಲ್ಲ. ಆಮೇಲೆ ಸೆರಗು ಸಿಕ್ಕಿಸಿ, ಪಡಸಾಲೆಯಿಂದ ಚಾಪೆ, ಒನಕೆ, ಗಂಡನ ಹಾಸಿಗೆ ಎಲ್ಲ ಎತ್ತಿ ಅಕ್ಕನ ಜಗಲಿಗೆ ಹಾಕಿದಳು. ಬೀದಿಯ ಜನ ಕಾಲು ತೊಳೆದು ಸಾಲಾಗಿ ನಿಂತರು. ತಟ್ಟೆಗಳು ಕೈಯಿಂದ ಕೈಗೆ ಹೊರಟವು.

"ಮೆಲ್ಲಗೆ ಕಣೋ ಆಂಜಿನಪ್ಪಾ, ಅದೇನು ಸೈಕಲ್ಲಾ? ಗಂಗುಲಪ್ಪಾ, ಬೆಲ್ಲದ ಕೈ ಒರೆಸ್ಕೋ!" ಅಂತ ಮುನಿಶಾಮಮ್ಮನ ದನಿ ಮತ್ತೆ ಏರಿತು. ಅದನ್ನು ಕೇಳಿ ಕೋದಂಡರಾಮಪ್ಪನಿಗೆ ಪ್ರಾಣ ಬಂದ ಹಾಗಾಯಿತು. ಗುಂಡಮ್ಮನವರು ತಟ್ಟೆ ಮುಟ್ಟಲಿಲ್ಲ, ದೂರದಿಂದಲೇ ಯಾರು ಎಲ್ಲಿಡಬೇಕು ಅಂತ ಹೇಳಿದರು. ರಾಯರೂ ಟೋಪಿ ಜಗಲಿಯ ಮೇಲಿಟ್ಟು ಒಂದು ತಟ್ಟೆ ಹೊತ್ತರು. "ಎಲ್ಲಿಡಲಿ ಅಮ್ಮಾ?" ಅಂತ ಕೇಳಿದರು.

ಪಡಸಾಲೆ ತುಂಬಾ ಹುಳ. ರಾಯರು ಸ್ವಿಚ್ಚು ಹಾಕಿದರು. ಬೀದಿಯ ಭಾರವೆಲ್ಲ ಇಳಿದ ಬುರುಡೆ ಫಳ್ಳನೆ ಬೆಳಗಿತು. ಸೊಪ್ಪು ಬಿತ್ತು, ತುಂತುರಿನ ಸದ್ದು ಮತ್ತೆ ಶುರುವಾಯಿತು. ಮನೆಯ ಯಜಮಾನ, ಯಜಮಾನಿ ಪಕ್ಕದ ಜಗಲಿಯ ಮೇಲೆ ಬುಡ್ಡಿಯ ಹೊಗೆಯಲ್ಲಿ ಕಣ್ಣುಜ್ಜಿಕೊಂಡು ಕೂತರು.

ರಾಯರು ಮಾತ್ರ ಹೊಸಿಲಲ್ಲಿ ನಿಂತು ತುಟಿ ಕಚ್ಚುತ್ತಿದ್ದರು.

"ಮತ್ತೇನಾದ್ರೂ ತಪ್ಪಾಯ್ತಾ ಸ್ವಾಮಿ?" ಅಂದಳು ಕದಿರಮ್ಮ.

ರಾಯರಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ. "ಮನೆಗೆ ಅಂತ ಕೊಟ್ಟ ದೀಪದ ಕೆಳಗೆ ಕಸುಬು ಮಾಡಬಾರದು. ಹಾಗಂತ ಒಂದು ಕಾನೂನಿದೆ."

ಕೋದಂಡರಾಮಪ್ಪ ಮೆಲ್ಲಗೆ ಎದ್ದು ನಿಂತ. "ಅದಕ್ಕೆ ಜುಲ್ಮಾನೆ ತಗೋತೀರಾ ಸ್ವಾಮಿ? ಇಲ್ಲಾ... ಅದೂ ಬೇಡ ಅಂತೀರಾ?"

ರಾಯರು ಆ ಮುಖ ನೋಡಿದರು. ಒಳಗಿನ ಬೆಳಕು ನೋಡಿದರು. ಅಲ್ಲಿ ಒದ್ದೆ ಗೋಣಿಯೂ ಇರಲಿಲ್ಲ, ಬರೀ ತಾಮ್ರವೂ ಇರಲಿಲ್ಲ.

"ತಗೋತೀನಿ," ಅಂದರು. "ನಾಲ್ಕಾಣೆ."

ಕೋದಂಡರಾಮಪ್ಪ ಉಸಿರು ಬಿಟ್ಟ. ಸೊಂಟದ ಗಂಟಿಗೆ ಕೈ ಹಾಕಿದ. ಅಷ್ಟರಲ್ಲಿ ಒಳಗಿನಿಂದ ಮುನಿಶಾಮಮ್ಮ ಸೊಪ್ಪಿನ ಬುಟ್ಟಿ ಹಿಡಿದೇ ಈಚೆ ಬಂದಳು.

"ಏಯ್, ನೀನ್ಯಾಕೋ ಕಟ್ಟೋದು? ಹುಳ ನಂದು, ಕಸುಬು ನಂದು. ಜುಲ್ಮಾನೆ ನಂದು!"

"ದೀಪ ನಂದು ಅಕ್ಕಾ."

"ದೀಪ ಏನು ತಪ್ಪು ಮಾಡ್ತೋ? ಸೊಪ್ಪು ತಿಂತಿರೋದು ದೀಪವಾ?"

"ಮೇಯ್ದ ಹಸೂಗೆ ಜುಲ್ಮಾನೆ ಹಾಕಲ್ಲ, ಯಜಮಾನಂಗೆ ಹಾಕೋದು."

"ಹುಳದ ಯಜಮಾನಿ ನಾನು!"

"ಮನೆ ಯಜಮಾನ ನಾನು!"

ಬೀದಿಯ ಜನ ಎರಡು ಪಕ್ಷವಾದರು. ಎದುರಿನ ಜಗಲಿಯಿಂದ ಗುಂಡಮ್ಮನವರು, "ಇನ್ಸ್‌ಪೆಕ್ಟರೇ, ಎಲೆ ಹಾಕಿದೀನಿ, ಬೇಗ ಬನ್ನಿ" ಅಂತ ಕೂಗಿದರು. ಅಕ್ಕ ತಮ್ಮ ಇಬ್ಬರೂ ರಾಯರ ಒಂದೊಂದು ಕೈ ಹಿಡಿದುಕೊಂಡಿದ್ದರು. ಬಿಡುವ ಹಾಗೆ ಕಾಣಲಿಲ್ಲ. ರಾಯರು ಇಬ್ಬರಿಗೂ ಎರಡೆರಡಾಣೆ ರಸೀದಿ ಹರಿದುಕೊಟ್ಟರು.

ಒಂದೇ ತಪ್ಪಿಗೆ ಅರ್ಧರ್ಧ ಜುಲ್ಮಾನೆ ಯಾವ ಕಾನೂನಿನಲ್ಲಿದೆ ಅಂತ ಕೋಲಾರದಲ್ಲಿ ಅವರ ಮೇಲಿನವರು ಆಮೇಲೆ ಕರೆದು ಕೇಳಿದರಂತೆ. ಆ ಹೊತ್ತಿಗೆ ಹುಳಗಳು ಗೂಡು ಕಟ್ಟಿ, ಮುನಿಶಾಮಮ್ಮ ಆ ಗೂಡು ಮಾರಿ, ತನ್ನ ಹೆಸರಿಗೇ ಬೇರೆ ದೀಪಕ್ಕೆ ಅರ್ಜಿ ಹಾಕಿಸಿದ್ದೂ ಆಗಿತ್ತು. ರಾಯರು ತುಂಬಾ ಹೊತ್ತು ಯೋಚನೆ ಮಾಡಿ ನಿಜವನ್ನೇ ಹೇಳಿದರಂತೆ:

"ಬೇರೆ ದಾರಿ ಇರಲಿಲ್ಲ ಸಾರ್. ಎದುರು ಮನೇಲಿ ಸಾರು ಆರ್ತಾ ಇತ್ತು."